ಮೈಲುತುತ್ತಿನ ನೀರು ತೋಡಿಗೆ ಸೇರುವ ಮುನ್ನ: ಗೆರಟೆ ಇದ್ದಿಲಿನಿಂದ ತಾಮ್ರ ಹಿಡಿಯುವ ಬಗೆ

ಕೆಲವು ವರ್ಷಗಳ ಹಿಂದೆ ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಳೆ ಎರಡು ದಿನ ಹೊಳವಾದಾಗ, ಹಿರಿಯಡ್ಕದ ಹತ್ತಿರದ ನಮ್ಮ ತೋಟದಲ್ಲಿ ಅಡಿಕೆಗೆ ಎರಡನೇ ಸಲದ ಮದ್ದು, ಅಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ, ಬಿಟ್ಟು ಮುಗಿಸಿದೆವು. ಸಂಜೆ ಡ್ರಮ್ಮು, ಪೈಪು, ಪಂಪು ಎಲ್ಲವನ್ನೂ ಮದಕದ (ಕೆರೆಯ) ದಂಡೆಯಲ್ಲಿ ತೊಳೆದದ್ದು ನಾನೇ. ಮರುದಿನ ಬೆಳಿಗ್ಗೆ ಆ ಬದಿಯಲ್ಲಿ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮದಕದ ಕೋಡಿ ನೀರು ತೋಡಿಗೆ (ಸಣ್ಣ ಹಳ್ಳಕ್ಕೆ) ಹೋಗುತ್ತದೆ, ತೋಡಿನದು ಸ್ವರ್ಣಾ ನದಿಗೆ. ಅದೇ ಸ್ವರ್ಣೆಯ ನೀರನ್ನು ಬಜೆಯ ಅಣೆಕಟ್ಟಿನಿಂದ ಎತ್ತಿ ಉಡುಪಿಯ ಮನೆಮನೆಗೆ ಕೊಡುತ್ತಾರೆ. ಕಾಲೇಜಿನಲ್ಲಿ ಇಪ್ಪತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನಿಗೆ ತಾಮ್ರ ಮೀನಿಗೆ, ನೀರಿನ ಬಸವನಹುಳಕ್ಕೆ, ಪಾಚಿಗೆ ಎಷ್ಟು ಕೆಟ್ಟದ್ದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಡ್ರಮ್ಮು ತೊಳೆಯುವಾಗ ಅದು ನೆನಪಿಗೆ ಬರಲಿಲ್ಲ.

ಅಂದಿನಿಂದ ನಮ್ಮ ತೋಟದಲ್ಲಿ ಮದ್ದಿನ ತೊಳೆ ನೀರನ್ನು ಸುಮ್ಮನೆ ಬಿಡುವುದಿಲ್ಲ. ಸುಣ್ಣ ಹಾಕಿ ತಿಳಿಯಾಗಿಸಿ, ಆಮೇಲೆ ಗೆರಟೆಯ (ತೆಂಗಿನ ಚಿಪ್ಪಿನ) ಇದ್ದಿಲಿನ ಮೂಲಕ ಹಾಯಿಸುತ್ತೇವೆ. ಈ ಇದ್ದಿಲಿಗೆ ಈಗ ಬಯೋಚಾರ್ ಎಂಬ ಹೆಸರು ಬಂದಿದೆ. ಹೊಸ ಹೆಸರಾದರೂ ಕೆಲಸ ಹಳೆಯದು: ಗಾಳಿ ಸಾಕಷ್ಟು ಸಿಗದಂತೆ ಬೇಯಿಸಿದ ಕೃಷಿ ಕಸ. ನಮ್ಮ ಅಜ್ಜಂದಿರು ಹಲ್ಲುಜ್ಜುತ್ತಿದ್ದ ಉಮಿಕರಿ ಕೂಡ ಅದರದ್ದೇ ಜಾತಿ. ಕರಾವಳಿಯಲ್ಲಿ ಗೆರಟೆ, ಅಡಿಕೆ ಸಿಪ್ಪೆ, ಅಕ್ಕಿ ಗಿರಣಿಯ ಉಮಿ ಯಾವುದಕ್ಕೂ ಕೊರತೆಯಿಲ್ಲ. ಅವುಗಳಿಂದ ನೀರಿನಲ್ಲಿ ಕರಗಿದ ಭಾರಲೋಹ ಹಿಡಿಯುವುದನ್ನು ಮೊದಲಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ.

ಒಂದು ಮಾತನ್ನು ಈಗಲೇ ಮನಸ್ಸಿಗೆ ಹಾಕಿಕೊಳ್ಳಿ. ಇದ್ದಿಲು ಲೋಹವನ್ನು ಇಲ್ಲವಾಗಿಸುವುದಿಲ್ಲ. ನೀರಿನಲ್ಲಿದ್ದದ್ದನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ, ಅಷ್ಟೆ. ಆದ್ದರಿಂದ ನೀರು ಶುದ್ಧವಾದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಆ ಇದ್ದಿಲು ಎಲ್ಲಿ ಹೋಗಿ ಕೂರುತ್ತದೆ ಎನ್ನುವುದು ನಿಶ್ಚಯವಾದ ಮೇಲೆಯೇ ಬೆಂಕಿ ಹಚ್ಚಬೇಕು.

ಮೊದಲು ಲೆಕ್ಕ

ಕೊಳೆರೋಗಕ್ಕೆ ನಾವು ಬಿಡುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ತಾಮ್ರ. ಅಂದರೆ 100 ಲೀಟರಿನ ಒಂದು ಡ್ರಮ್ಮಿನಲ್ಲಿ ಸುಮಾರು 255 ಗ್ರಾಂ ತಾಮ್ರ.

ಮನೆಯಲ್ಲಿ ಮಾಡಿದ ಸಾಧಾರಣ ಇದ್ದಿಲು ಎಷ್ಟು ತಾಮ್ರ ಹಿಡಿಯುತ್ತದೆ? ಕಚ್ಚಾವಸ್ತು, ಬೆಂಕಿಯ ಬಿಸಿ, ನೀರಿನ ಹುಳಿ-ಕ್ಷಾರ ಇವನ್ನು ಹೊಂದಿಕೊಂಡು ಒಂದು ಗ್ರಾಂ ಇದ್ದಿಲಿಗೆ ಕೆಲವು ಮಿಲಿಗ್ರಾಂನಿಂದ ಕೆಲವು ಹತ್ತು ಮಿಲಿಗ್ರಾಂವರೆಗೆ. ನಾನು ಲೆಕ್ಕಕ್ಕೆ 5 ಮಿಲಿಗ್ರಾಂ ಎಂದೇ ಹಿಡಿಯುತ್ತೇನೆ. ಆ ಪ್ರಕಾರ 1 ಕಿಲೋ ಇದ್ದಿಲು 5 ಗ್ರಾಂ ತಾಮ್ರಕ್ಕೆ ಸಾಕು. ಒಂದು ಡ್ರಮ್ ದ್ರಾವಣದ ತಾಮ್ರವನ್ನು ಪೂರ್ತಿ ಇದ್ದಿಲಿನಿಂದಲೇ ಹಿಡಿಯುತ್ತೇನೆಂದು ಹೊರಟರೆ 50 ಕಿಲೋ ಇದ್ದಿಲು ಬೇಕು, ಅದಕ್ಕೆ ಸುಮಾರು 200 ಕಿಲೋ ಗೆರಟೆ. ಅದು ಆಗುಹೋಗುವ ಮಾತಲ್ಲ.

ಈ ಲೆಕ್ಕ ಮಾಡದೆ ಇದ್ದಿಲಿನ ಬಗ್ಗೆ ಮಾತಾಡುವವರನ್ನು ಬಹಳ ಮಂದಿಯನ್ನು ನೋಡಿದ್ದೇನೆ. ದಪ್ಪ ದ್ರಾವಣದಿಂದ ಲೋಹ ತೆಗೆಯುವುದು ಸುಣ್ಣದ ಕೆಲಸ. ಸುಣ್ಣ ಬಿಟ್ಟುಹೋದ ಚೂರುಪಾರನ್ನು ಹಿಡಿಯುವುದು ಇದ್ದಿಲಿನ ಕೆಲಸ. ಎರಡನ್ನೂ ಅದರದರ ಜಾಗದಲ್ಲಿ ಇಟ್ಟರೆ ಮಾತ್ರ ಲೆಕ್ಕ ಕೂಡುತ್ತದೆ.

ಇನ್ನೂ ಒಂದು. ತೊಳೆ ನೀರು ಕಡಿಮೆಯಾದಷ್ಟೂ ಒಳ್ಳೆಯದು. ಮದ್ದು ಬಿಡುವ ಕೆಲಸ ಮೂರು ದಿನದ್ದಾದರೆ ಮೊದಲ ಎರಡು ದಿನದ ತೊಳೆ ನೀರನ್ನು ಮರುದಿನದ ದ್ರಾವಣ ಕಲಸುವುದಕ್ಕೇ ಬಳಸಿ. ಸೋಸಲು ಉಳಿಯುವುದು ಕೊನೆಯ ದಿನದ್ದು ಮಾತ್ರ.

ಯಾವ ಕಸ ಒಳ್ಳೆಯದು

ನನ್ನ ಆಯ್ಕೆ ಗೆರಟೆ. ಅದರ ಇದ್ದಿಲು ಗಟ್ಟಿ. ನೀರಿನಲ್ಲಿ ಪುಡಿಯಾಗಿ ಪೈಪು ಕಟ್ಟಿಸುವುದಿಲ್ಲ, ಬೂದಿಯೂ ಕಡಿಮೆ. ಅಡಿಕೆ ಸಿಪ್ಪೆಯ ಇದ್ದಿಲು ಹಗುರ, ಮೆತ್ತಗೆ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಬಕೆಟಿನಲ್ಲಿ ಕಲಕಿ ತೆಗೆಯುವುದಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಪೈಪಿನೊಳಗೆ ತುಂಬಿದರೆ ಒತ್ತಿಕೊಂಡು ನೀರು ಇಳಿಯುವುದಿಲ್ಲ. ಉಮಿಯಲ್ಲಿ ಮರಳಿನ ಅಂಶವಾದ ಸಿಲಿಕಾ ತುಂಬ ಇರುವುದರಿಂದ ತೂಕದ ಲೆಕ್ಕದಲ್ಲಿ ಇಂಗಾಲ ಸಿಗುವುದು ಕಡಿಮೆ.

ಗೇರುಬೀಜದ ಸಿಪ್ಪೆಯನ್ನು ಮನೆಯಲ್ಲಿ ಸುಡಲೇಬೇಡಿ. ಕಾರ್ಖಾನೆಗಳಿಂದ ಸುಲಭವಾಗಿ ಸಿಗುತ್ತದೆ ಎಂದು ಆಸೆಯಾಗುತ್ತದೆ. ಆದರೆ ಆ ಸಿಪ್ಪೆಯ ಎಣ್ಣೆ ಮೈಗೆ ತಾಗಿದರೆ ಸುಟ್ಟಂತೆ ಬೊಕ್ಕೆ ಏಳುತ್ತದೆ, ಹೊಗೆ ಕಣ್ಣು-ಗಂಟಲನ್ನು ಉರಿಸುತ್ತದೆ.

ಮೀನಿನ ಮೂಳೆಯ ಮಾತನ್ನೂ ಹೇಳಬೇಕು. ಮೂಳೆಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಇದೆ. ಮೂಳೆ ಇದ್ದಿಲು ಸೀಸವನ್ನು ಫಾಸ್ಫೇಟ್ ಆಗಿ ಕಟ್ಟಿಹಾಕುವುದರಲ್ಲಿ ಮರದ ಇದ್ದಿಲಿಗಿಂತ ಮೇಲು. ಮಲ್ಪೆಯ ಬಂದರಿನ ಬದಿಯಲ್ಲಿ ಮೀನಿನ ಕಸ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಆದರೆ ಅದನ್ನು ಬೇಯಿಸುವಾಗಿನ ನಾತಕ್ಕೆ ನೆರೆಕರೆಯವರು ಒಪ್ಪುವುದಿಲ್ಲ, ಹಾಗಾಗಿ ಅದು ಕಾಲೇಜಿನ ಪ್ರಯೋಗಾಲಯಕ್ಕೆ ಸರಿಯಾದ ಕೆಲಸ.

ಬಚ್ಚಲೊಲೆಯಲ್ಲಿ ಇದ್ದಿಲು

ಹಂಡೆ ಒಲೆ ಇರುವ ಮನೆಯವರಿಗೆ ಬೇರೆ ಕುಲುಮೆ ಬೇಡ. ಸ್ನಾನದ ನೀರು ಕಾಯಿಸುವ ಬೆಂಕಿಯಲ್ಲೇ ಇದ್ದಿಲೂ ಆಗುತ್ತದೆ.

ಬಿಗಿಯಾಗಿ ಮುಚ್ಚುವ ಮುಚ್ಚಳದ, ಬಣ್ಣ ಬಳಿಯದ ಕಬ್ಬಿಣದ ತಗಡಿನ ಡಬ್ಬ ಬೇಕು. 4-5 ಲೀಟರಿನದು ಒಲೆಯ ಬಾಯಿಗೆ ಸರಿಹೊಂದುತ್ತದೆ. ಮುಚ್ಚಳಕ್ಕೆ ಮೊಳೆಯಿಂದ ನಾಲ್ಕೈದು ತೂತು ಹೊಡೆಯಿರಿ. ತೂತಿಲ್ಲದ ಡಬ್ಬವನ್ನು ಬೆಂಕಿಗೆ ಇಡಬಾರದು. ಒಳಗೆ ಹುಟ್ಟುವ ಅನಿಲ ಹೊರಬರಲು ದಾರಿಯಿಲ್ಲದೆ ಡಬ್ಬ ಸಿಡಿಯುತ್ತದೆ. ಗೆರಟೆಯ ನಾರು ಕೆರೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಎರಡು ಬೆರಳಗಲದ ತುಂಡು ಮಾಡಿ ಡಬ್ಬಕ್ಕೆ ಒತ್ತಾಗಿ ತುಂಬಿ. ಹಸಿ ಗೆರಟೆ ಹಾಕಿದರೆ ಬೆಂಕಿಯ ಶಕ್ತಿ ಬಹಳಷ್ಟು ನೀರು ಆರಿಸುವುದಕ್ಕೇ ಹೋಗುತ್ತದೆ.

ಡಬ್ಬವನ್ನು ಒಲೆಯೊಳಗೆ ಇಟ್ಟು ಸುತ್ತ ಮಡಲು, ಕೊತ್ತಳಿಗೆ, ಅಡಿಕೆ ಸಿಪ್ಪೆ ಒಟ್ಟಿ ಬೆಂಕಿ ಹಚ್ಚಿ. ಮೊದಲು ತೂತುಗಳಿಂದ ಬಿಳಿ ಹಬೆ ಬರುತ್ತದೆ. ಆಮೇಲೆ ಹಳದಿ ಹೊಗೆ. ಸ್ವಲ್ಪ ಹೊತ್ತಿನಲ್ಲಿ ಆ ಹೊಗೆಗೇ ಬೆಂಕಿ ಹತ್ತಿ ತೂತುಗಳ ಬಾಯಲ್ಲಿ ಸಣ್ಣ ಸಣ್ಣ ಜ್ವಾಲೆ ಏಳುತ್ತದೆ. ಆ ಜ್ವಾಲೆ ತಾನಾಗಿ ಆರುವವರೆಗೆ ಬೆಂಕಿ ಬಿಡಬೇಡಿ. ನಮ್ಮ ಒಲೆಯಲ್ಲಿ ಇದಕ್ಕೆ ಒಂದೂವರೆ ಎರಡು ತಾಸು ಬೇಕು.

ಜ್ವಾಲೆ ಆರಿದ ಕೂಡಲೇ ಉದ್ದ ಇಕ್ಕಳದಿಂದ ಡಬ್ಬ ಹೊರತೆಗೆದು, ತೂತುಗಳನ್ನು ಹಸಿ ಜೇಡಿಮಣ್ಣಿನಿಂದ ಮುಚ್ಚಿ, ಮರುದಿನದವರೆಗೆ ಮುಟ್ಟದೆ ಬಿಡಿ. ಬಿಸಿ ಇರುವಾಗಲೇ ಮುಚ್ಚಳ ತೆಗೆದರೆ ಗಾಳಿ ತಾಗಿ ಒಳಗಿನದೆಲ್ಲ ಕೆಂಡವಾಗುತ್ತದೆ. ತಣಿದಂತೆ ಕಂಡ ಇದ್ದಿಲೂ ಒಳಗೊಳಗೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹಾಗಾಗಿ ಹೊಸ ಇದ್ದಿಲನ್ನು ಸೋಗೆ ರಾಶಿಯ ಹತ್ತಿರ, ಕೊಟ್ಟಿಗೆಯ ಅಟ್ಟದಲ್ಲಿ ಇಡಬೇಡಿ. ನೀರು ಚಿಮುಕಿಸಿ ಒಂದು ದಿನ ಅಂಗಳದಲ್ಲಿ ಬಿಡಿ.

ಗೆರಟೆಯ ತೂಕದ ಕಾಲು ಭಾಗದಷ್ಟು ಇದ್ದಿಲು ಸಿಕ್ಕಿದರೆ ಸರಿಯಾಗಿ ಬೆಂದಿದೆ ಎಂದು ಲೆಕ್ಕ. ಒಂದು ತುಂಡನ್ನು ಕಲ್ಲಿಗೆ ಬಡಿದರೆ ಕಿಣ್ಣೆನ್ನಬೇಕು. ಕೈಗೆ ಉಜ್ಜಿದ ಕಪ್ಪು ಬರೀ ನೀರಿನಲ್ಲಿ ಹೋಗಬೇಕು. ಜಿಡ್ಡು ಜಿಡ್ಡಾಗಿ ಹತ್ತಿಕೊಂಡು ಸಾಬೂನು ಕೇಳಿದರೆ, ನೆನೆಸಿದ ನೀರು ಕಂದಾಗಿ ಹೊಗೆಯ ವಾಸನೆ ಬಂದರೆ ಒಳಗೆ ಟಾರು ಉಳಿದಿದೆ. ಅದನ್ನು ಇನ್ನೊಮ್ಮೆ ಬೇಯಿಸಿ.

ಬಿಸಿ ಹೆಚ್ಚಾದಷ್ಟೂ ಒಳ್ಳೆಯ ಇದ್ದಿಲು ಎಂಬ ನಂಬಿಕೆ ಇದೆ. ಲೋಹದ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. 600-700 ಡಿಗ್ರಿಯಲ್ಲಿ ಬೆಂದ ಇದ್ದಿಲಿಗೆ ರಂಧ್ರಗಳು ಹೆಚ್ಚು, ಬಣ್ಣ-ವಾಸನೆ ಹಿಡಿಯಲು ಅದು ಒಳ್ಳೆಯದು. ತಾಮ್ರ, ಸೀಸದಂಥವು ಅಂಟಿಕೊಳ್ಳುವುದು ಮಾತ್ರ ಹೆಚ್ಚಾಗಿ ಇದ್ದಿಲಿನ ಮೈಮೇಲಿರುವ ಆಮ್ಲಜನಕದ ಗುಂಪುಗಳಿಗೆ, ಮತ್ತು ಅದರಲ್ಲಿರುವ ಕ್ಯಾಲ್ಸಿಯಂ, ಪೊಟ್ಯಾಶಿಯಂ ಬಿಟ್ಟುಕೊಟ್ಟ ಜಾಗಕ್ಕೆ. ಬಿಸಿ ಏರಿದಂತೆ ಆ ಆಮ್ಲಜನಕದ ಗುಂಪುಗಳು ಸುಟ್ಟುಹೋಗುತ್ತವೆ. ಬಚ್ಚಲೊಲೆಯ ಹದವಾದ ಬೆಂಕಿ ಈ ಕೆಲಸಕ್ಕೆ ಕಡಿಮೆಯೇನಲ್ಲ.

ಕುಟ್ಟಿ, ಜರಡಿ ಹಿಡಿದು, ತೊಳೆಯುವುದು

ಇದ್ದಿಲಿಗೆ ನೀರು ಚಿಮುಕಿಸಿ, ಗೋಣಿಚೀಲದೊಳಗೆ ಹಾಕಿ ಕುಟ್ಟಿ. ಒಣ ಇದ್ದಿಲನ್ನು ಕುಟ್ಟಿದರೆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಮೂಗು-ಬಾಯಿಗೆ ಬಟ್ಟೆಯಾದರೂ ಇರಲಿ. ಕಿಟಕಿಗೆ ಹೊಡೆಯುವ ಸೊಳ್ಳೆ ಬಲೆಯಲ್ಲಿ ಉಳಿದು, ಅಕ್ಕಿ ಜರಡಿಯಲ್ಲಿ ಇಳಿಯುವ ಗಾತ್ರ ಪೈಪಿಗೆ ಹದ. ಸೊಳ್ಳೆ ಬಲೆಯಿಂದ ಇಳಿದ ನಯ ಪುಡಿಯನ್ನು ಎಸೆಯಬೇಡಿ, ಬಾಟಲಿ ಪರೀಕ್ಷೆಗೆ ಬೇಕಾಗುತ್ತದೆ.

ಇನ್ನು ತೊಳೆಯುವುದು. ಇದರಲ್ಲಿ ನಾನು ಮೊದಲ ವರ್ಷ ದೊಡ್ಡ ತಪ್ಪು ಮಾಡಿದೆ. ಅಡಿಕೆ ಸಿಪ್ಪೆಯ ಇದ್ದಿಲನ್ನು ತೊಳೆಯದೆ ನೀಲಿ ನೀರಿಗೆ ಹಾಕಿದೆ. ಅರ್ಧ ತಾಸಿನಲ್ಲಿ ನೀರಿನ ನೀಲಿ ಹೋಯಿತು. ಸಂತೋಷಪಟ್ಟು ನಾಲ್ಕು ಜನರಿಗೆ ತೋರಿಸಿಯೂ ಬಿಟ್ಟೆ. ಆಮೇಲೆ ಹುಳಿ-ಕ್ಷಾರ ತೋರಿಸುವ ಪಿಎಚ್ ಕಾಗದ ಅದ್ದಿದರೆ 10 ತೋರಿಸಿತು (7ಕ್ಕಿಂತ ಮೇಲೆ ಕ್ಷಾರ, ಕೆಳಗೆ ಹುಳಿ). ಇದ್ದಿಲಿನ ಜೊತೆಗಿದ್ದ ಬೂದಿ ನೀರನ್ನು ಕ್ಷಾರ ಮಾಡಿತ್ತು. ಆ ಕ್ಷಾರಕ್ಕೆ ತಾಮ್ರ ಹೈಡ್ರಾಕ್ಸೈಡ್ ಆಗಿ ಗಸಿ ಕಟ್ಟಿತ್ತು. ಇದ್ದಿಲು ಹಿಡಿದದ್ದು ಎಷ್ಟೆಂದು ಅದರಿಂದ ಏನೂ ತಿಳಿಯುವಂತಿರಲಿಲ್ಲ. ಅಂಥ ಗಸಿ ಮೇಲೆ ಸ್ವಲ್ಪ ಹುಳಿ ನೀರು ಬಿದ್ದರೆ ತಾಮ್ರ ಮತ್ತೆ ಕರಗುತ್ತದೆ. ನಮ್ಮ ಮುರಕಲ್ಲು (ಜಂಬಿಟ್ಟಿಗೆ) ನೆಲದ ನೀರು ಬಹಳ ಕಡೆ ಹುಳಿಯ ಕಡೆಗೇ ಇರುತ್ತದೆ ಎನ್ನುವುದನ್ನು ಮರೆಯಬಾರದು.

ಹಾಗಾಗಿ ಇದ್ದಿಲನ್ನು ದೊಡ್ಡ ಬಕೆಟಿನಲ್ಲಿ ನೆನೆಸಿ, ಕಲಕಿ, ನೀರು ಬಸಿಯಿರಿ. ಐದಾರು ಸಲ ಬೇಕಾದೀತು. ತೊಳೆದ ಇದ್ದಿಲನ್ನು ಹೊಸ ನೀರಿನಲ್ಲಿ ಒಂದು ತಾಸು ಇಟ್ಟ ಮೇಲೂ ಪಿಎಚ್ 8ಕ್ಕಿಂತ ಕೆಳಗೇ ನಿಂತರೆ ಸಾಕು. ಪಿಎಚ್ ಕಾಗದ ಮಂಗಳೂರು, ಉಡುಪಿಯಲ್ಲಿ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಈ ಬೂದಿ ನೀರನ್ನು ತೆಂಗಿನ ಬುಡಕ್ಕೆ ಧಾರಾಳವಾಗಿ ಹಾಕಬಹುದು, ಅದರಲ್ಲಿ ಪೊಟ್ಯಾಶ್ ಇದೆ.

ಆರು ಬಾಟಲಿಗಳ ಪರೀಕ್ಷೆ

ನಿಮ್ಮ ಇದ್ದಿಲು ಎಷ್ಟು ಹಿಡಿಯುತ್ತದೆ ಎಂದು ಬೇರೆ ಯಾರೂ ಹೇಳಲಾರರು, ಅಳೆದೇ ತಿಳಿಯಬೇಕು. ಕೈಗವಸು ಹಾಕಿಕೊಳ್ಳಿ. 1 ಗ್ರಾಂ ಮೈಲುತುತ್ತನ್ನು 5 ಲೀಟರ್ ಮಳೆನೀರಿನಲ್ಲಿ ಕರಗಿಸಿ. ಲೀಟರಿಗೆ ಸುಮಾರು 50 ಮಿಲಿಗ್ರಾಂ ತಾಮ್ರದ ನೀರು ಸಿದ್ಧ. ಆರು ಬಾಟಲಿಗೆ ಅರ್ಧರ್ಧ ಲೀಟರ್ ತುಂಬಿ. ಒಂದನ್ನು ಹಾಗೆಯೇ ಬಿಡಿ. ನಾಲ್ಕಕ್ಕೆ ಒಣಗಿಸಿದ ಇದ್ದಿಲು ಪುಡಿಯನ್ನು 1, 2, 5, 10 ಗ್ರಾಂನಂತೆ ಹಾಕಿ. ಆಗಾಗ ಅಲ್ಲಾಡಿಸುತ್ತ ಒಂದು ದಿನ ಬಿಡಿ.

ಆರನೇ ಬಾಟಲಿಯದ್ದು ನಾನು ಪೆಟ್ಟು ತಿಂದು ಕಲಿತ ಪಾಠ. ಮರುದಿನ ಇದ್ದಿಲಿನ ಬಾಟಲಿಗಳ ಪಿಎಚ್ ನೋಡಿ, ಇದ್ದಿಲಿಲ್ಲದ ಈ ಬಾಟಲಿಗೆ ಸುಣ್ಣದ ತಿಳಿನೀರು ಹನಿ ಹನಿಯಾಗಿ ಹಾಕಿ ಅದೇ ಪಿಎಚ್‌ಗೆ ತನ್ನಿ. ಇದರಲ್ಲೂ ಬಣ್ಣ ಅಷ್ಟೇ ಇಳಿದರೆ ಕೆಲಸ ಮಾಡಿದ್ದು ಇದ್ದಿಲಲ್ಲ, ಕ್ಷಾರ.

ಎಲ್ಲವನ್ನೂ ಸೋಸುಕಾಗದದಲ್ಲಿ ಸೋಸಿ. 50 ಮಿಲಿಗ್ರಾಂನ ನೀಲಿ ಬರಿಗಣ್ಣಿಗೆ ಕಾಣುವುದಿಲ್ಲ. ಒಂದೇ ಅಳತೆಯ ಎತ್ತರದ ಗಾಜಿನ ಲೋಟಗಳಿಗೆ ಹಾಕಿ, ಒಂದೊಂದಕ್ಕೂ ಸ್ವಲ್ಪ ಅಮೋನಿಯಾ ದ್ರಾವಣ ಬೆರೆಸಿ, ಬಿಳಿ ಕಾಗದದ ಮೇಲಿಟ್ಟು ಮೇಲಿನಿಂದ ನೋಡಿ. ತಾಮ್ರ ಇದ್ದರೆ ನೀರು ಗಾಢ ನೀಲಿಗೆ ತಿರುಗುತ್ತದೆ. ಅಮೋನಿಯಾದ ಘಾಟು ಕೆಟ್ಟದ್ದು, ಹೊರಗೆ ಜಗಲಿಯಲ್ಲಿ ಮಾಡಿ. ಬ್ಲೀಚಿಂಗ್ ಪುಡಿ ಇದ್ದಲ್ಲಿಗೆ ಅದನ್ನು ಒಯ್ಯಲೇಬೇಡಿ.

5 ಗ್ರಾಂನ ಲೋಟ ಬಣ್ಣವಿಲ್ಲದೆ, 2 ಗ್ರಾಂನದು ತೆಳು ನೀಲಿಯಾಗಿ ಕಂಡರೆ ನಿಮ್ಮ ಇದ್ದಿಲು ಗ್ರಾಂಗೆ 5ರಿಂದ 12 ಮಿಲಿಗ್ರಾಂನ ಒಳಗೆ ಹಿಡಿಯುತ್ತದೆ ಎಂದರ್ಥ. ಲೀಟರಿಗೆ 10 ಮಿಲಿಗ್ರಾಂಗಿಂತ ಕೆಳಗೆ ಈ ಕಣ್ಣಳತೆಯನ್ನು ನಂಬಬೇಡಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ತಾಮ್ರದ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ, ಕಾರ್ಖಾನೆಗಳು ಹೊಳೆ-ಕೆರೆಗೆ ಬಿಡುವ ನೀರಿಗೆ 3. ಆ ಮಟ್ಟವನ್ನು ತೋರಿಸುವುದು ಪ್ರಯೋಗಾಲಯದ ಉಪಕರಣ ಮಾತ್ರ.

ಸುಣ್ಣದ ಹೆಜ್ಜೆ

ಮದ್ದು ಕಲಸಿದ ಡ್ರಮ್ಮಿನ ತೊಳೆ ನೀರು, ತುತ್ತು ಕರಗಿಸಿದ ಡ್ರಮ್ಮಿನದು, ಪಂಪು-ಪೈಪಿನದು ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿಯಿರಿ. ಸುಣ್ಣದ ಹಾಲನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಕಲಕಿ. ಸಾಕಾಯಿತೋ ಇಲ್ಲವೋ ನೋಡಲು ನಮ್ಮವರಿಗೆ ಗೊತ್ತಿರುವ ಕತ್ತಿಯ ಪರೀಕ್ಷೆಯೇ ಇದೆ: ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಅದ್ದಿ ಹಿಡಿಯಿರಿ. ಅಲಗಿಗೆ ಕೆಂಪು ಲೇಪ ಹತ್ತಿದರೆ ಕರಗಿದ ತಾಮ್ರ ಇನ್ನೂ ಇದೆ, ಸುಣ್ಣ ಬೇಕು. ಕಬ್ಬಿಣ ಕರಗಿ ತಾಮ್ರವನ್ನು ಹೊರಹಾಕುವ ಕ್ರಿಯೆ ಅದು; ತೋಟದಲ್ಲಿ ಮದ್ದು ಕಲಸುವ ಮಂದಿ ಪುಸ್ತಕ ಇಲ್ಲದೆ ಅದನ್ನು ಬಳಸಿಕೊಂಡು ಬಂದಿದ್ದಾರೆ. ಪಿಎಚ್ ಕಾಗದದಲ್ಲಿ 8ರಿಂದ 9 ಬಂದರೆ ನಿಲ್ಲಿಸಿ.

ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ತಳದಲ್ಲಿ ನೀಲಿ ಗಸಿ, ಮೇಲೆ ತಿಳಿನೀರು. ತಾಮ್ರದ ಬಹುಪಾಲು ಆ ಗಸಿಯಲ್ಲೇ ಇದೆ. ತಿಳಿನೀರನ್ನು ಸಣ್ಣ ಪೈಪಿನಿಂದ ಗಸಿ ಕದಡದಂತೆ ಎಳೆದು ಇನ್ನೊಂದು ಡ್ರಮ್ಮಿಗೆ ತುಂಬಿ, ಒಂದು ದಿನ ಬಾಯಿ ತೆರೆದಿಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕ್ಷಾರ ಸ್ವಲ್ಪ ಇಳಿಯುತ್ತದೆ. ಗಸಿಯನ್ನು ಮುಂದಿನ ವರ್ಷದ ಮದ್ದಿಗೆ ಇಡಬೇಡಿ. ಬೋರ್ಡೋ ಕಲಸಿದ ದಿನವೇ ಬಿಟ್ಟರೆ ಮಾತ್ರ ಎಲೆಗೆ, ಗೊನೆಗೆ ಸರಿಯಾಗಿ ಅಂಟುತ್ತದೆ.

ಎರಡು ಪೈಪಿನ ಸೋಸುಕ

4 ಇಂಚಿನ ಪಿವಿಸಿ ಪೈಪನ್ನು ಒಂದೊಂದು ಮೀಟರಿನ ಎರಡು ತುಂಡು ಮಾಡಿ. ಎರಡಕ್ಕೂ ತಳದಲ್ಲಿ ಮುಚ್ಚಳ ಅಂಟಿಸಿ, ತಳದ ಹತ್ತಿರ ಒಂದು, ಬಾಯಿಯ ಹತ್ತಿರ ಒಂದು ಹನಿ ನೀರಾವರಿಯ ಪೈಪು ಸೇರಿಸುವ ತೂತು ಮಾಡಿ. ತಳಕ್ಕೆ ನಾಲ್ಕು ಬೆರಳು ಸಣ್ಣ ಜಲ್ಲಿ, ಅದರ ಮೇಲೆ ಅಷ್ಟೇ ತೊಳೆದ ಹೊಯಿಗೆ (ಮರಳು), ಆಮೇಲೆ 60 ಸೆಂಟಿಮೀಟರ್ ಇದ್ದಿಲು, ಮೇಲೆ ಮತ್ತೆ ಹೊಯಿಗೆ. ಇದ್ದಿಲನ್ನು ಹಿಂದಿನ ರಾತ್ರಿಯೇ ನೆನೆಸಿರಬೇಕು. ಒಣಗಿದ್ದನ್ನು ತುಂಬಿದರೆ ತೇಲುತ್ತದೆ, ನಡುವೆ ಗಾಳಿ ನಿಂತು ನೀರು ಒಂದೇ ಬದಿಯಲ್ಲಿ ಜಾರಿಹೋಗುತ್ತದೆ.

ನೀರು ಕೆಳಗಿನಿಂದ ಮೇಲಕ್ಕೆ ಏರಲಿ. ಡ್ರಮ್ಮನ್ನು ಎತ್ತರದ ಕಟ್ಟೆಯ ಮೇಲಿಟ್ಟು, ಅದರ ನೀರು ಮೊದಲನೇ ಪೈಪಿನ ತಳಕ್ಕೆ, ಅದರ ಬಾಯಿಂದ ಎರಡನೆಯದರ ತಳಕ್ಕೆ, ಅದರ ಬಾಯಿಂದ ಹೊರಗೆ ಹೋಗುವಂತೆ ಜೋಡಿಸಿ. ಮೇಲಿನಿಂದ ಇಳಿಸಿದರೆ ಒಂದು ವಾರದಲ್ಲಿ ಇದ್ದಿಲಿನೊಳಗೆ ಕಾಲುವೆ ಬೀಳುತ್ತದೆ.

ವೇಗ ಬಹಳ ಮುಖ್ಯ. ಒಂದು ಪೈಪಿನಲ್ಲಿ ಸುಮಾರು 5 ಲೀಟರ್ ಜಾಗದಷ್ಟು ಇದ್ದಿಲು ಹಿಡಿಯುತ್ತದೆ, ತೂಕ 2 ಕಿಲೋ ಆಸುಪಾಸು. ನೀರು ಅದರಲ್ಲಿ ಅರ್ಧ ತಾಸು ಇರಬೇಕೆಂದರೆ ತಾಸಿಗೆ 10 ಲೀಟರ್ ಮಾತ್ರ ಬಿಡಬೇಕು. ಒಂದು ಲೋಟ ತುಂಬಲು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುವಂತೆ ವಾಲ್ವು ತಿರುಗಿಸಿ. 200 ಲೀಟರಿನ ಡ್ರಮ್ ಖಾಲಿಯಾಗಲು ಒಂದು ಹಗಲು, ಒಂದು ರಾತ್ರಿ. ಅವಸರ ಮಾಡಿದರೆ ಲೋಹ ಇದ್ದಿಲನ್ನು ಮುಟ್ಟದೆಯೇ ದಾಟುತ್ತದೆ.

ಮೊದಲನೇ ಪೈಪಿನ 2 ಕಿಲೋ ನಮ್ಮ ಲೆಕ್ಕದಲ್ಲಿ 10 ಗ್ರಾಂ ತಾಮ್ರ ಹಿಡಿಯುತ್ತದೆ. ತಿಳಿನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಉಳಿದಿದೆ ಎಂದುಕೊಂಡರೂ 2000 ಲೀಟರ್ ಆಯಿತು. ಸುಣ್ಣದ ಕ್ಯಾಲ್ಸಿಯಂ ಕೂಡ ಜಾಗಕ್ಕೆ ಪೈಪೋಟಿ ಕೊಡುವುದರಿಂದ ಅರ್ಧಕ್ಕೆ ಇಳಿಸಿ 1000 ಎಂದೇ ಇಟ್ಟುಕೊಳ್ಳಿ. 50 ಲೀಟರಿಗೆ ಕಿಲೋ ತುತ್ತು ಕರಗಿಸಿದ ನೀರನ್ನು ಸುಣ್ಣವಿಲ್ಲದೆ ನೇರ ಬಿಟ್ಟರೆ ಇದೇ ಪೈಪು ಎರಡು ಲೀಟರಿಗೇ ತುಂಬಿಹೋಗುತ್ತದೆ.

ಎರಡು ಪೈಪು ಯಾಕೆಂದರೆ, ನಡುವಿನ ನೀರನ್ನು ಪರೀಕ್ಷೆ ಮಾಡಬಹುದು. ಅಲ್ಲಿ ತಾಮ್ರ ಕಂಡ ದಿನ ಮೊದಲನೇ ಪೈಪಿನ ಇದ್ದಿಲು ಮುಗಿಯಿತು ಎಂದರ್ಥ, ಆದರೆ ಎರಡನೆಯದು ಇನ್ನೂ ಕಾಯುತ್ತಿದೆ. ಎರಡನೆಯದನ್ನು ಮುಂದಕ್ಕೆ ತಂದು, ಹೊಸ ಇದ್ದಿಲಿನ ಪೈಪನ್ನು ಹಿಂದೆ ಜೋಡಿಸಿ. ಒಂದೇ ಪೈಪಿದ್ದರೆ ಸೋತದ್ದು ಗೊತ್ತಾಗುವಾಗ ನೀರು ತೋಡು ಸೇರಿರುತ್ತದೆ. ಅಮೋನಿಯಾದ ಕಣ್ಣಳತೆಗೆ ಸಣ್ಣ ಪ್ರಮಾಣ ಕಾಣದ ಕಾರಣ, ವರ್ಷಕ್ಕೆ ಒಮ್ಮೆಯಾದರೂ ನಡುವಿನ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಡಿ.

ಹೊರಬಂದ ನೀರನ್ನು ತೆಂಗಿನ ಬುಡಕ್ಕೆ ಬಿಡಿ. ಕುಡಿಯಲು, ದನಗಳಿಗೆ ಕೊಡಲು ಅಲ್ಲ.

ಬಾವಿ ನೀರಿಗೆ ಇದನ್ನು ಕಟ್ಟಬಹುದೇ?

ಮಂಗಳೂರಿನ ನೆಂಟರೊಬ್ಬರು ಈ ಪೈಪು ನೋಡಿ, "ಮಾಸ್ಟ್ರೇ, ನಮ್ಮ ಬಾವಿಗೂ ಒಂದು ಮಾಡಿಕೊಡಿ, ನೀರು ಕೆಂಪು ಬರ್ತದೆ" ಎಂದರು. ಮಾಡಿಕೊಡಲಿಲ್ಲ. ಕೆಂಪು ಬರುವುದು ಮುರಕಲ್ಲು ಮಣ್ಣಿನ ಕಬ್ಬಿಣದಿಂದ. ಕಬ್ಬಿಣಕ್ಕೆ ಮದ್ದು ಗಾಳಿ ಮತ್ತು ಹೊಯಿಗೆ: ನೀರನ್ನು ಮೇಲಿನಿಂದ ಚಿಮುಕಿಸಿ ಗಾಳಿಗೆ ಒಡ್ಡಿದರೆ ಅದು ತುಕ್ಕಾಗಿ ಬೀಳುತ್ತದೆ, ಹೊಯಿಗೆಯಲ್ಲಿ ಸೋಸಿದರಾಯಿತು. ಇದ್ದಿಲಿಗೆ ಬಿಟ್ಟರೆ ಆ ತುಕ್ಕು ಅದರ ಮೈಯೆಲ್ಲ ಮುಚ್ಚಿ ಬೇರೆ ಕೆಲಸಕ್ಕೂ ಬಾರದಂತೆ ಮಾಡುತ್ತದೆ.

ಬೇರೆ ಲೋಹದ ಸಂಶಯ ಇದ್ದರೆ ಮೊದಲು ಪರೀಕ್ಷೆ, ಆಮೇಲೆ ಸೋಸುಕ. ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂನದು 0.003. ಕಣ್ಣಿಗೆ, ನಾಲಿಗೆಗೆ ಇವು ಸಿಗುವುದಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಲೋಹ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದು ದಪ್ಪವಾಗುತ್ತದೆ. ಸಾದಾ ಇದ್ದಿಲು ಸೀಸವನ್ನು ಚೆನ್ನಾಗಿ, ತಾಮ್ರವನ್ನು ಅದರ ನಂತರ, ಸತು-ಕ್ಯಾಡ್ಮಿಯಂ-ನಿಕ್ಕಲನ್ನು ಇನ್ನೂ ಕಡಿಮೆ ಹಿಡಿಯುತ್ತದೆ. ಆರ್ಸೆನಿಕ್ ಮತ್ತು ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಹೆಚ್ಚಾಗಿ ಋಣ ವಿದ್ಯುದಂಶದ ರೂಪದಲ್ಲಿರುತ್ತವೆ. ಇದ್ದಿಲಿನ ಮೈಯೂ ಸಾಮಾನ್ಯವಾಗಿ ಋಣವೇ ಆದ್ದರಿಂದ ಎರಡೂ ದೂರ ಸರಿಯುತ್ತವೆ. ಆರ್ಸೆನಿಕ್ಕಿಗೆ ಕಬ್ಬಿಣದ ಲೇಪ ಕೊಟ್ಟ ಇದ್ದಿಲು ಬೇಕು, ಕ್ರೋಮಿಯಂ ಚೆನ್ನಾಗಿ ಹಿಡಿಯುವುದು ಹುಳಿ ನೀರಿನಲ್ಲಿ. ಅವು ಮನೆಯಂಗಳದ ಕೆಲಸವಲ್ಲ. ಜೊತೆಗೆ, ತಿಂಗಳುಗಟ್ಟಲೆ ಒದ್ದೆ ಇರುವ ಇದ್ದಿಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕುಡಿಯುವ ನೀರಿನಲ್ಲಿ ಸೀಸ ಕಂಡರೆ ಪ್ರಮಾಣೀಕೃತ ಆರ್‌ಒ ಯಂತ್ರ ಅಥವಾ ಬೇರೆ ನೀರಿನ ಮೂಲವೇ ದಾರಿ. ಬ್ಯಾಟರಿ ರಿಪೇರಿ, ಲೋಹಲೇಪನದ ಅಂಗಡಿಗಳ ನೀರನ್ನು ಮನೆ ಸೋಸುಕದಲ್ಲಿ ಹಾಯಿಸುವ ಯೋಚನೆಯೇ ಬೇಡ.

ತುಂಬಿದ ಇದ್ದಿಲು

ಇಲ್ಲಿ ತಪ್ಪಿದರೆ ಇಷ್ಟು ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಬಳಸಿದ ಇದ್ದಿಲು ನೋಡಲು ಹೊಸದರಂತೆಯೇ ಇರುತ್ತದೆ. ಬಯೋಚಾರ್ ಮಣ್ಣಿಗೆ ಒಳ್ಳೆಯದು ಎಂದು ಎಲ್ಲ ಕಡೆ ಕೇಳಿದವರು ಇದನ್ನು ಅಡಿಕೆ ಬುಡಕ್ಕೆ ಹಾಕಿಬಿಡುವ ಸಂಭವ ಬಹಳ. ಹಾಕಬಾರದು. ವರ್ಷ ವರ್ಷ ಮದ್ದು ಬಿಟ್ಟ ತೋಟದ ಮೇಲ್ಮಣ್ಣಿನಲ್ಲಿ ತಾಮ್ರ ಈಗಾಗಲೇ ಕೂತಿರುತ್ತದೆ. ಮಣ್ಣಿನಿಂದ ಅದು ಸುಲಭವಾಗಿ ಹೋಗುವುದಿಲ್ಲ, ಎರೆಹುಳಕ್ಕೂ ಒಳ್ಳೆಯದಲ್ಲ. ಒಲೆಗೂ ಹಾಕಬಾರದು, ಇದ್ದಿಲು ಸುಟ್ಟುಹೋದರೂ ತಾಮ್ರ ಬೂದಿಯಲ್ಲಿ ಉಳಿದು ಗೊಬ್ಬರದ ಗುಂಡಿ ಸೇರುತ್ತದೆ.

ನಾವು ಮಾಡುವುದು ಹೀಗೆ. ಇದ್ದಿಲನ್ನೂ ನೀಲಿ ಗಸಿಯನ್ನೂ ಮಳೆ ತಾಗದ ಕಡೆ ತಗಡಿನ ಮೇಲೆ ಒಣಗಿಸಿ, ಮುಚ್ಚಳದ ಡ್ರಮ್ಮಿನಲ್ಲಿ ತುಂಬಿ, ಹೊರಗೆ ಬಣ್ಣದಿಂದ "ತಾಮ್ರದ ಇದ್ದಿಲು, ತೋಟಕ್ಕೆ ಹಾಕಬೇಡಿ" ಎಂದು ವರ್ಷದ ಸಮೇತ ಬರೆಯುತ್ತೇವೆ. ಎರಡು ವರ್ಷಕ್ಕೆ ಹತ್ತು ಕಿಲೋ ದಾಟಿಲ್ಲ. ಬರೀ ತಾಮ್ರ ಹಿಡಿದ ಸ್ವಲ್ಪ ಇದ್ದಿಲನ್ನು ಒಂದು ಪಾಲಿಗೆ ಎರಡು ಪಾಲು ಸಿಮೆಂಟು, ಹೊಯಿಗೆ ಸೇರಿಸಿ ಗಟ್ಟಿಯಾಗಿ ಕಲಸಿ ಇಟ್ಟಿಗೆ ಹಾಕಿಸಿದ್ದೇವೆ; ಸಿಮೆಂಟಿನ ಕ್ಷಾರದಲ್ಲಿ ತಾಮ್ರ ಕರಗದೆ ನಿಲ್ಲುತ್ತದೆ. ಆ ಇಟ್ಟಿಗೆ ಬಾವಿಕಟ್ಟೆಗೆ, ನೀರಿನ ತೊಟ್ಟಿಗೆ, ತೋಡಿನ ಬದಿಗೆ ಬಳಸುವಂತಿಲ್ಲ. ಗೊಬ್ಬರದ ಗೋಣಿ ಇಡುವ ಕೋಣೆಯ ಒಳಗೋಡೆಗೆ ಹೋಗಿದೆ. ಸೀಸ, ಕ್ರೋಮಿಯಂ ಹಿಡಿದ ಇದ್ದಿಲಿಗೆ ಈ ದಾರಿ ಬೇಡ. ಅದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರಬಹುದಾದ ವಸ್ತು, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

ಗೆರಟೆ ಒಣಗುವ ಬಿಸಿಲು ಪಗ್ಗು ತಿಂಗಳಿಗೆ (ಏಪ್ರಿಲ್-ಮೇ) ಮುಗಿಯುತ್ತ ಬರುತ್ತದೆ. ಬೇಶದ (ಮೇ-ಜೂನ್) ಕೊನೆಗೆ ಮೊದಲ ಸಲದ ಮದ್ದು ಬಿಡುವವರು ಏಪ್ರಿಲ್ ನಡುವಿನ ವಿಷುವಿನ ಹೊತ್ತಿಗೆ ನಾಲ್ಕು ಕಿಲೋ ಇದ್ದಿಲು ಮಾಡಿಟ್ಟುಕೊಂಡರೆ ಎರಡು ಪೈಪಿಗೆ ಸಾಕು. ಕುಟ್ಟಿ ಇಟ್ಟ ಇದ್ದಿಲನ್ನು ಮೊದಲ ಮಳೆಯ ನೀರಿನಲ್ಲಿ ತೊಳೆದುಕೊಳ್ಳಬಹುದು.